ಸೋಮವಾರದ ಡಿಫರ್ಡ್

ದೌಲಪ್ಪನಿಗೆ ಇಂಗ್ಲಿಷಿನ ಸಾವಿರಾರು ಶಬ್ದ ಬರುತ್ತಿದ್ದವು. ಆದರೆ ಅವನನ್ನು ಹಿಡಿದು ಕೂರಿಸಿದ್ದು ಒಂದೇ ಶಬ್ದ. ಅದು ‘ಡಿಫರ್ಡ್’.

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಮುಗಿದು ಆರು ತಿಂಗಳಾಗಿತ್ತು. ಕಲಬುರಗಿಯ ಕಚೇರಿಗಳಲ್ಲಿ ಉರ್ದು ಹಿಂದಕ್ಕೆ ಸರಿದು ಅದರ ಕುರ್ಚಿಯಲ್ಲಿ ಇಂಗ್ಲಿಷು ಬಂದು ಕೂತಿತ್ತು. ನಿಜಾಮರ ಕಾಲದಲ್ಲಿ ಗಡ್ಡ ನೆರೆತ ಗುಮಾಸ್ತರೆಲ್ಲ ಈಗ ಮೊಮ್ಮಕ್ಕಳ ಜತೆ ಕೂತು ಎ ಬಿ ಸಿ ತೀಡುತ್ತಿದ್ದರು. ಎರಡೂ ಬಲ್ಲವರು ಬೇಕು ಎಂದಾಗ ಕಮಲಾಪುರದ ದೌಲಪ್ಪನಿಗೆ ಅದೃಷ್ಟ ಖುಲಾಯಿಸಿತು. ಮೆಟ್ರಿಕ್ ಪಾಸಾಗಿ ಇಪ್ಪತ್ತು ವರ್ಷ ಊರಿನಲ್ಲಿ ಗುಮಾಸ್ತಿಕೆ ಮಾಡಿದವನು, ಉರ್ದು ಅಕ್ಷರ ಮುತ್ತಿನಂತಿದ್ದವು. ಆಕ್ಷನ್ ದಿನಗಳಲ್ಲಿ ಹಿಡಿದು ಒಳಗೆ ಹಾಕಿದವರ ಫೈಲು ನೋಡಲೆಂದು ಹಳೆಯ ಬಂಗಲೆಯೊಂದರಲ್ಲಿ ತೆರೆದಿದ್ದ ತಾತ್ಕಾಲಿಕ ಕಚೇರಿಯಲ್ಲಿ ಅವನಿಗೆ ತರ್ಜುಮೆಯ ಕೆಲಸ ಸಿಕ್ಕಿತು. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು, ಹೆಂಡತಿ ಲಲಿತಾಬಾಯಿಯನ್ನು ಕರೆತಂದು ಸಂಸಾರ ಹೂಡಿದ.

ಸಾಹೇಬರು ಮದ್ರಾಸಿನ ಕಡೆಯವರು. ಕನ್ನಡ ಬಾರದು, ಉರ್ದು ಮೊದಲೇ ಬಾರದು. ಪ್ರತಿ ಸೋಮವಾರ ಫೈಲು ನೋಡುತ್ತಿದ್ದರು. ಮಧ್ಯಾಹ್ನಕ್ಕೆ ದೌಲಪ್ಪ ಕಾಗದಗಳನ್ನು ಹಿಡಿದು ಪಡಸಾಲೆಗೆ ಬಂದು, ಸಾಹೇಬರು ಬರೆದದ್ದನ್ನು ಕೈದಿಗಳ ಮನೆಯವರಿಗೆ ಅವರವರ ಮಾತಿನಲ್ಲಿ ಹೇಳಬೇಕು. ಹಳೆಯ ಕಾಲದಲ್ಲಿ ‘ಮುಲ್ತವಿ’ ಎಂದರೆ ಓದು ಬರಹ ಬಾರದ ಮುದುಕಿಗೂ ತಿಳಿಯುತ್ತಿತ್ತು; ಅದರ ಬೆನ್ನಿಗೇ ಮುಂದಿನ ತಾರೀಖೂ ಇರುತ್ತಿತ್ತು. ಸಾಹೇಬರು ಬರೆಯುವ ‘ಡಿಫರ್ಡ್’ ಎಂಬ ಈ ಹೊಸ ಶಬ್ದಕ್ಕೆ ತಾರೀಖೇ ಇರಲಿಲ್ಲ. ಜನ ತಾರೀಖು ಕೇಳಿದರೆ ದೌಲಪ್ಪ ತಾನೇ ಒಂದು ಹೇಳಿ ಕಳಿಸುತ್ತಿದ್ದ, ಮುಂದಿನ ಸೋಮವಾರ ಎಂದು.

ಆ ಜನರಲ್ಲಿ ಒಂದು ಸೋಮವಾರವೂ ತಪ್ಪದೆ ಬರುತ್ತಿದ್ದವಳು ಚಾಂದಬಿ. ಕಮಲಾಪುರದವಳೇ. ದೌಲಪ್ಪನ ಮನೆಯಿಂದ ನಾಲ್ಕು ಮನೆ ಆಚೆ ಅವಳ ಮನೆ. ಗಂಡ ಶಬ್ಬೀರ್ ಮದುವೆಗಳಲ್ಲಿ, ಮೊಹರಮ್ಮಿನಲ್ಲಿ ತಾಸೆ ಬಾರಿಸುವವನು. ನಿಜಾಮರ ಪರದ ದಂಡಿನ ರಜಾಕಾರನೆಂದು ಅವನನ್ನು ಹಿಡಿದೊಯ್ದಾಗ ಅವಳು ಏಳು ತಿಂಗಳ ಬಸುರಿ. ಮಗಳು ಮಾಲನಬಿ ಹುಟ್ಟಿದ್ದು ಅಪ್ಪ ಜೈಲಿನಲ್ಲಿದ್ದಾಗ. ನಾಲ್ಕು ತಿಂಗಳ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ಮೊದಲ ಸೋಮವಾರ ಬಂದಿದ್ದಳು. ಮಡಿಲಲ್ಲಿ ಊರಿನ ನಾಲ್ಕು ಕೆಂಬಾಳೆಹಣ್ಣು ಇದ್ದವು.

“ಏನ್ ಬರದಾರಣ್ಣಾ?”

“ಡಿಫರ್ಡ್ ಅಂತ ಬರದಾರವಾ.”

“ಹಂಗಂದ್ರ?”

“ಮುಂದ ಹಾಕ್ಯಾರ. ಮುಲ್ತವಿ ಅಂತೀವಲ್ಲ, ಹಂಗ.”

“ಬಿಡಂಗಿಲ್ಲ ಅಂದಿಲ್ಲಲ್ಲ?”

“ಬಿಡಂಗಿಲ್ಲ ಅಂದಿಲ್ಲ. ಬಿಡ್ತೀನಿ ಅಂತನೂ ಅಂದಿಲ್ಲ.”

ಅವಳು ಹಣ್ಣನ್ನು ಅವನ ಮೇಜಿನ ತುದಿಗೆ ಇಟ್ಟು, ಅಂಗಳದ ಬೇವಿನ ಕೆಳಗೆ ಬಸ್ಸಿನ ಹೊತ್ತಿನ ತನಕ ಕೂತಳು. ಮತ್ತೇನೂ ಕೇಳಲಿಲ್ಲ, ಅಳಲಿಲ್ಲ. ಸುಮ್ಮನೆ ಅವನ ಕಿಟಕಿಯ ಕಡೆ ಮುಖ ಮಾಡಿ ಕೂತಳು. ದೌಲಪ್ಪನಿಗೆ ಅವತ್ತು ಒಂದು ಸಾಲು ತರ್ಜುಮೆ ಸರಿಯಾಗಿ ಬೀಳಲಿಲ್ಲ.

ಬೀಳುವುದಾದರೂ ಹೇಗೆ? ಶಬ್ಬೀರನನ್ನು ಒಳಗೆ ಹಾಕಿಸಿದವನು ಅವನೇ.

ಬೇಕೆಂದು ಹಾಕಿಸಿದ್ದಲ್ಲ. ಬೇಕೆಂದು ಕೆಟ್ಟದ್ದು ಮಾಡುವ ಗಟ್ಟಿತನ ಆ ಮನುಷ್ಯನಿಗೆ ದೇವರು ಕೊಟ್ಟಿರಲಿಲ್ಲ. ನಡೆದದ್ದು ಇಷ್ಟು. ಹಿಂದಿನ ವರ್ಷ ಕಮಲಾಪುರಕ್ಕೆ ರಜಾಕಾರರ ಮುಖಂಡನೊಬ್ಬ ಬಂದು ಬಯಲಲ್ಲಿ ಕವಾಯತು ಶುರು ಮಾಡಿದ. ಹಾಜರಿ ಬರೆಯಲು ಅಕ್ಷರ ಚೆಂದ ಇದ್ದ ದೌಲಪ್ಪನನ್ನು ಹಿಡಿದು ಕೂರಿಸಿದ. ಹೆಜ್ಜೆಗೆ ತಾಳ ಬೇಕೆಂದು ಶಬ್ಬೀರನನ್ನು ಕೂಲಿಗೆ ಕರೆಸಿದ. ಶಬ್ಬೀರ್ ಜಾಣ. “ಅಣ್ಣಾ, ನಾ ಮೆಂಬರ್ ಅಲ್ಲ, ಕೂಲಿಗಿ ಬಂದಂವ ಅಂತ ಸಾಫ್ ಬರಕೊಂಡ್ಬಿಡ್ರಿ,” ಎಂದು ಮೊದಲ ದಿನವೇ ಹೇಳಿದ್ದ. ದೌಲಪ್ಪ ರಿಜಿಸ್ಟರಿನ ಕೊನೆಯಲ್ಲಿ ಷರಾ ಬರೆಯುವ ಕೈಫಿಯತ್ತಿನ ಕಾಲಮಿನಲ್ಲಿ ಹಾಗೇ ಬರೆದ. ಅದರ ಕೆಳಗಿನ ಸಾಲಿನಲ್ಲಿ ತನ್ನ ಹೆಸರು ಬರೆದು, ಕೈಫಿಯತ್ತಿನಲ್ಲಿ ‘ಮೇಲಿನಂತೆ, ಬರಹಗಾರ’ ಎಂದು ಸೇರಿಸಿದ. ಇಬ್ಬರೂ ನಕ್ಕಿದ್ದರು. ಅರವತ್ತೆರಡು ಹೆಸರುಗಳಲ್ಲಿ ಕೈಫಿಯತ್ತು ತುಂಬಿದ್ದು ಆ ಎರಡಕ್ಕೇ.

ಮಿಲಿಟರಿ ಬಂದ ದಿನ ಮುಖಂಡ ಓಡಿಹೋದ, ರಿಜಿಸ್ಟರು ದೌಲಪ್ಪನ ಬಳಿ ಉಳಿಯಿತು. ಹೊತ್ತು ಮುಳುಗುವುದರೊಳಗೆ ಹೆಸರುಗಳ ಪಟ್ಟಿ ಬೇಕು ಎಂದು ಜಮಾದಾರ ಬಂದೂಕು ಹಿಡಿದು ನಿಂತ. ದೌಲಪ್ಪ ಒಳಗಿನ ಕೋಣೆಗೆ ಹೋಗಿ ಕೂತು ನಕಲು ಇಳಿಸಿದ. ಆ ಕಾಲದ ಗುಮಾಸ್ತರಿಗೆಲ್ಲ ಒಂದು ಚಾಳಿ ಇತ್ತು. ನಕಲು ಮಾಡುವಾಗ ನಂಬರು, ಹೆಸರು, ತಂದೆಯ ಹೆಸರು, ವಯಸ್ಸು ಬರೆದು ಕೈಬಿಡುತ್ತಿದ್ದರು. ಕೈಫಿಯತ್ತನ್ನು ಯಾರೂ ಓದುವುದಿಲ್ಲವೆಂದು ಆ ಕಾಲಂ ಗೆರೆಯನ್ನೇ ಎಳೆಯುತ್ತಿರಲಿಲ್ಲ. ಇಪ್ಪತ್ತು ವರ್ಷದ ಚಾಳಿಯಂತೆ ದೌಲಪ್ಪನೂ ನಾಲ್ಕೇ ಗೆರೆ ಎಳೆದ. ಅಲ್ಲಿಯ ತನಕ ಅದು ತಪ್ಪು. ತನ್ನ ಹೆಸರಿಗೆ ಬಂದಾಗ ಲೇಖನಿ ಎತ್ತಿ ಕೆಳಗಿನ ಸಾಲಿಗೆ ಹಾರಿದನಲ್ಲ, ಅದು ತಪ್ಪಲ್ಲ, ಬೇರೆ. “ಅಸಲು ರಿಜಿಸ್ಟರ್ ಎಲ್ಲಿ?” ಎಂದು ಜಮಾದಾರ ಕೇಳಿದಾಗ, ಓಡಿಹೋದವನು ಒಯ್ದ ಎಂದುಬಿಟ್ಟ.

ಅದು ಈಗ ಖೋಲಿಯ ಟ್ರಂಕಿನಲ್ಲಿ, ಲಲಿತಾಬಾಯಿಯ ಮದುವೆ ಸೀರೆಯ ಅಡಿಯಲ್ಲಿ ಇತ್ತು. ಸುಡಲಿಕ್ಕೆ ಮನಸ್ಸು ಬರಲಿಲ್ಲ. ಕೊಲೆ ಮಾಡಿದ ಗುಮಾಸ್ತ ಸಿಕ್ಕಾನು, ದಫ್ತರದ ಕಾಗದ ಸುಟ್ಟ ಗುಮಾಸ್ತ ಸಿಗುವುದಿಲ್ಲ. ಇನ್ನೂ ಚೋದ್ಯವೆಂದರೆ, ಕಚೇರಿಗೆ ಸೇರಿದ ಮೊದಲ ವಾರ ಸಾಹೇಬರು ಒಂದು ಉರ್ದು ಪಟ್ಟಿ ಕೊಟ್ಟು ಇಂಗ್ಲಿಷಿಗೆ ಇಳಿಸಲು ಹೇಳಿದರು. ಅದು ಅವನದೇ ನಕಲು. ತನ್ನ ಕೈಬರಹವನ್ನು ತಾನೇ ಮೊದಲ ಸಲ ಕಂಡವನ ಹಾಗೆ ಓದಿ, ಅರವತ್ತೊಂದು ಹೆಸರುಗಳನ್ನೂ ಇಂಗ್ಲಿಷಿನಲ್ಲಿ ಬರೆದುಕೊಟ್ಟ.

ಸೋಮವಾರಗಳು ಉರುಳಿದವು. ಮಾಲನಬಿ ಮಗ್ಗುಲಾದಳು, ಅಂಬೆಗಾಲಿಟ್ಟಳು. ಚಾಂದಬಿ ನೀರು ಕುಡಿಯಲು ಹೋದಾಗ ಕೂಸನ್ನು ದೌಲಪ್ಪನ ತೊಡೆಗೆ ಹಾಕಿ ಹೋಗುತ್ತಿದ್ದಳು. ಅದು ಅವನ ಕಿಸೆಯ ಪೆನ್ನನ್ನು ಕಿತ್ತು ಬಾಯಿಗೆ ಇಡುತ್ತಿತ್ತು. ಅವನಿಗೆ ಮಕ್ಕಳಿರಲಿಲ್ಲ. ಕೂಸು ತೊಡೆಯ ಮೇಲಿದ್ದಷ್ಟು ಹೊತ್ತು ಅವನಿಗೆ ಹಿತವಾಗುತ್ತಿತ್ತು. ಹಿತವಾಯಿತಲ್ಲ ಎಂದು ಮತ್ತೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಸಾಹೇಬರು ಖುಷಿಯಲ್ಲಿದ್ದುದು ಕಂಡು ಅವನು ಬಾಯಿಬಿಟ್ಟ. ಅಡ್ಜರ್ನ್, ಪೋಸ್ಟ್‌ಪೋನ್, ಡಿಫರ್, ನಮ್ಮಲ್ಲಿ ಎಲ್ಲಕ್ಕೂ ಮುಲ್ತವಿಯೇ. ಇವುಗಳಲ್ಲಿ ಫರಕು ಏನು ಎಂದು ಕೇಳಿದ. ಸಾಹೇಬರು ಕೆಲಸಕ್ಕೆ ಬರುವ ಮೊದಲು ಮೇಷ್ಟರಾಗಿದ್ದವರು. ಇಂಥ ಪ್ರಶ್ನೆಗೆ ಎಷ್ಟೋ ದಿನದಿಂದ ಹಸಿದಿದ್ದರು.

“ಕೂತ ಸಭೆ ಎದ್ದು ಇನ್ನೊಮ್ಮೆ ಕೂರುವುದಾದರೆ ಅಡ್ಜರ್ನ್,” ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. “ಈ ದಿನ ಬಿಟ್ಟು ಆ ದಿನ ಎಂದಿಟ್ಟರೆ ಪೋಸ್ಟ್‌ಪೋನ್. ಡಿಫರ್ ಹಾಗಲ್ಲ, ದೌಲಪ್ಪ. ತೀರ್ಮಾನ ಕೊಡಲು ಏನೋ ಒಂದು ಕಡಿಮೆ ಬಿದ್ದಿದೆ, ಅದು ಬರುವ ತನಕ ಕೈ ತಡೆದಿದ್ದೇನೆ ಎಂದು ಅರ್ಥ. ಸುಮ್ಮನೆ ಕಾಲ ತಳ್ಳುವುದಕ್ಕೆ ಈ ಶಬ್ದ ಬಳಸಬಾರದು. ಅದು ದೊಡ್ಡ ಶಬ್ದ.”

ಆಮೇಲೆ ಉದಾಹರಣೆ ಬೇಕಲ್ಲ ಎಂದು ಮುಂದಿದ್ದ ರಾಶಿಯಿಂದ ಒಂದು ಫೈಲು ಎಳೆದರು. ಶಬ್ಬೀರನದು. “ಇವನನ್ನೇ ನೋಡು. ತಾಸೆಯವನು ಎನ್ನುತ್ತಾನೆ. ಇರಬಹುದು. ಪಟ್ಟಿಯಲ್ಲಿ ಬರೀ ಹೆಸರಿದೆ. ನಕಲು ಮಾಡಿದ ಪುಣ್ಯಾತ್ಮನ ಸಹಿ ಕೂಡ ಇಲ್ಲ. ಅಸಲು ರಿಜಿಸ್ಟರು ನನ್ನ ಮೇಜಿಗೆ ಬಂದರೆ ಕಾಲು ಗಂಟೆಯಲ್ಲಿ ಮುಗಿಸುತ್ತೇನೆ. ಬರುವ ತನಕ, ಡಿಫರ್ಡ್.”

ದೌಲಪ್ಪ ಫೈಲನ್ನು ರಾಶಿಗೆ ಸೇರಿಸಿ ಹೊರಗೆ ಬಂದ. ಇಷ್ಟು ದಿನ ಆ ಶಬ್ದ ಸಾಹೇಬರದಾಗಿತ್ತು, ಸರಕಾರದ್ದಾಗಿತ್ತು. ಅವತ್ತಿನಿಂದ ಅದು ಅವನದಾಯಿತು. ಅದನ್ನು ಪಡಸಾಲೆಯಲ್ಲಿ ಓದುವಾಗಲೆಲ್ಲ, ದೌಲಪ್ಪನ ಧೈರ್ಯ ಬರುವ ತನಕ ಶಬ್ಬೀರ್ ಒಳಗಿರತಕ್ಕದ್ದು ಎಂದೇ ಅವನಿಗೆ ಕೇಳುತ್ತಿತ್ತು. ಚಾಂದಬಿಗೆ ಮಾತ್ರ, “ಅದೇ ಅದವಾ,” ಎನ್ನುತ್ತಿದ್ದ.

“ಒಂದೋ ರಿಜಿಸ್ಟರ ಕೊಟ್ಟು ಬರ್ರಿ, ಇಲ್ಲಂದ್ರ ಒಲಿಗಿ ಹಾಕ್ರಿ,” ಎಂದಳು ಲಲಿತಾಬಾಯಿ. “ಟ್ರಂಕ್ ತೆಗದಾಗೊಮ್ಮಿ ನನ್ನ ಎದಿ ಧಸಕ್ಕಂತದ.”

“ಕೊಟ್ರ ನನ್ನ ಹೆಸರೂ ಬರ್ತದಲ್ಲ. ಸುಳ್ಳು ಹೇಳ್ದೆ ಅಂತ ಒಳಗ ಹಾಕ್ತಾರ. ನೌಕರಿ ಹೋಗ್ತದ. ನಿನ್ನ ಗತಿ ಏನು?”

“ಚಾಂದಬಿ ಗತಿ ಏನಾಗ್ಯಾದೋ ಅದೇ ಆಗ್ತದ. ಆಕಿ ಬದುಕಿಲ್ಲೇನು?”

ಆ ಮಾತು ಚುಚ್ಚಿತು. ಮುಂದಿನ ಸೋಮವಾರ ರಿಜಿಸ್ಟರನ್ನು ಧೋತರದ ತುಂಡಿನಲ್ಲಿ ಸುತ್ತಿ, ರೊಟ್ಟಿಯ ಡಬ್ಬಿಯ ಜತೆ ಚೀಲದಲ್ಲಿಟ್ಟು ಕಚೇರಿಗೆ ಒಯ್ದ. ಸಾಹೇಬರಿಗೆ ಜ್ವರ ಬಂದಿತ್ತು. ಪಾಪ ಅವರಿಗೆ ಜ್ವರ, ಇವನಿಗೆ ಸಂತೋಷ. ಇನ್ನೊಂದು ಸೋಮವಾರ ಮತ್ತೆ ಒಯ್ದ. ಸಾಹೇಬರ ಮುಂದೆ ಪೊಲೀಸ್ ಇನ್ಸ್‌ಪೆಕ್ಟರು ಕೂತಿದ್ದರು, ವಾಪಸಾದ. ಮೂರನೆಯ ಸಲ ಯಾವ ಅಡ್ಡಿಯೂ ಇರಲಿಲ್ಲ. ಸಾಹೇಬರು ಒಬ್ಬರೇ ಇದ್ದರು. ಬಾಗಿಲಲ್ಲಿ ನಿಂತವನನ್ನು ಕಂಡು ತಾವಾಗಿ, “ಏನು ದೌಲಪ್ಪ?” ಎಂದು ಕೇಳಿದರು.

“ಇಂಕ್ ಫಿನಿಶ್ ಸಾರ್,” ಎಂದ ದೌಲಪ್ಪ.

ಹೊಸ ಮಸಿ ದೌತಿ ಕೊಡಿಸಿದರು. ಅದನ್ನು ಹಿಡಿದು ಬಂದು ತನ್ನ ಮೇಜಿನ ಮುಂದೆ ಕೂತು ತನಗೆ ತಾನೇ ಛೀಮಾರಿ ಹಾಕಿಕೊಂಡ. ಕಿಟಕಿಯ ಆಚೆ ಚಾಂದಬಿ ಕೂತಿದ್ದಳು. ಎದ್ದು ಅವಳ ಮುಂದೆ ಹೋಗಿ ಎಲ್ಲ ಹೇಳಿಬಿಡಬೇಕು ಅನಿಸಿತು. ಏಳದೆ ಹೊಸ ಮಸಿಯಲ್ಲಿ ಲೇಖನಿ ಅದ್ದಿದ. ಜೈಲಿನ ಬಾಗಿಲು ಶಬ್ಬೀರನಿಗಾದರೂ ಹೊರಗಿನಿಂದ ಹಾಕಿತ್ತು. ತನ್ನದರ ಅಗಳಿ ತನ್ನ ಕೈಯಲ್ಲೇ ಇದೆ, ತೆಗೆಯಲು ಆಗುತ್ತಿಲ್ಲ ಎಂದು ಅವನಿಗೆ ಅಳು ಬಂತು.

ಡಿಸೆಂಬರಿನಲ್ಲಿ ಹೈದರಾಬಾದಿನಿಂದ ಹುಕುಂ ಬಂತು. ಕಚೇರಿ ಬರಖಾಸ್ತು, ತೀರ್ಮಾನವಾಗದ ಫೈಲುಗಳು ಹೈದರಾಬಾದಿನ ಕೋರ್ಟಿಗೆ ಹೋಗಬೇಕು, ಹಿಂದಿನಿಂದ ಕೈದಿಗಳೂ ಅಲ್ಲಿಯ ಜೈಲಿಗೆ. ಶನಿವಾರ ದೌಲಪ್ಪನೇ ಮೂವತ್ತೊಂದು ಫೈಲುಗಳನ್ನು ಬಟ್ಟೆಯಲ್ಲಿ ಹೊಲಿದು, ಅರಗು ಕಾಯಿಸಿ ಮೊಹರು ಒತ್ತಿ ರೈಲಿಗೆ ಏರಿಸಿ ಬಂದ. ರವಿವಾರ ಸಾಹೇಬರು ಊರು ಬಿಟ್ಟರು. ಫೈಲು ಹೋಗಿ, ಸಾಹೇಬರು ಹೋಗಿ, ಕೇಳುವವರು ಯಾರೂ ಉಳಿಯದ ಮೇಲೆ ನಮ್ಮ ದೌಲಪ್ಪನಿಗೆ ಧೈರ್ಯ ಬಂತು. ಸೋಮವಾರ ರಿಜಿಸ್ಟರನ್ನು ಬಗಲಲ್ಲಿ ಹಿಡಿದು ಸಾಹೇಬರ ಕೋಣೆಯ ತನಕ ನಡೆದ. ಕೀಲಿ ಹಾಕಿತ್ತು.

ತಿರುಗಿ ನೋಡಿದರೆ ಬೇವಿನ ಕೆಳಗೆ ಚಾಂದಬಿ. ಅವನು ಹತ್ತಿರ ಹೋಗಿ, ಫೈಲು ಹೈದರಾಬಾದಿಗೆ ಹೋಯಿತು, ಶಬ್ಬೀರನನ್ನೂ ಎರಡು ದಿನದಲ್ಲಿ ಒಯ್ಯುತ್ತಾರೆ ಎಂದು ನೆಲ ನೋಡುತ್ತ ಹೇಳಿದ. ಅವಳ ಕಣ್ಣು ಅವನ ಬಗಲಿನ ಗಂಟಿನ ಮೇಲಿತ್ತು.

“ತಂದೀರೇನಣ್ಣಾ ರಿಜಿಸ್ಟರ?” ಎಂದಳು.

ದೌಲಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಎದುರಿಗೆ ಕೂತ.

“ನಿನಗ ಯಾರ್ ಹೇಳಿದ್ರು?”

“ಇನ್ಯಾರು. ಅಂವನೇ. ಜೈಲಿಗಿ ಹೋದ ಮೊದಲನೇ ಭೇಟಿದಾಗೇ ಹೇಳ್ಯಾನ. ಮುಖಂಡ ಖಾಲಿ ಕೈಲೇ ಓಡಿದ್ದ ನಾ ನೋಡೀನಿ, ಅಸಲು ದೌಲಪ್ಪಣ್ಣನ ಹಂತ್ಯಾಕ ಅದ, ಕಾಗದ ಸುಡೋ ಮನಷ್ಯಾ ಅಲ್ಲ ಅಂವ ಅಂದ.”

“ಗೊತ್ತಿದ್ದೂ ಒಂದು ಮಾತ್ ಕೇಳಲಿಲ್ಲಲ್ಲವಾ ನೀನು. ಸಾಹೇಬಗ ಹೇಳಬೇಕಿತ್ತು.”

“ಹೇಳಬ್ಯಾಡ ಅಂದಾನಲ್ಲ. ಅಣ್ಣ ಮೊದ್ಲೇ ಅಂಜಿದಂವ, ಪೊಲೀಸರನ್ನ ಮನೀಗಿ ಕಳಿಸಿದ್ರ ಅಂಜಿಕಿಗಿ ಸುಟ್ಟುಬಿಡ್ತಾನ. ಸುಟ್ರ ನನ್ನ ಕಥಿ ಮುಗೀತು. ನೀ ವಾರಕ್ಕೊಮ್ಮಿ ಹೋಗಿ ಅವನ ಎದುರಿಗಿ ಕುಂತು ಬಾ. ಬಾಯಿ ತೆಗೀಬ್ಯಾಡ. ಕೂಸಿನ್ನ ತೋರಸು. ಒಂದಿನ ತಾನೇ ತಂದ್ಕೊಡ್ತಾನ ಅಂದ.” ಅವಳು ಕೂಸಿನ ಮೂಗು ಒರೆಸಿದಳು. “ಅದಕ ಕುಂತೆ. ಒಂಬತ್ ತಿಂಗಳು ಕುಂತೆ.”

ದೌಲಪ್ಪ ಗಂಟಿನ ಮೇಲೆ ಕೈ ಇಟ್ಟ. ಯಾರನ್ನು ವಾರ ವಾರ ಮುಂದಕ್ಕೆ ಹಾಕುತ್ತಿದ್ದನೋ ಅವರೇ ಇಷ್ಟು ದಿನ ತನ್ನನ್ನು ಕಾಯ್ದುಕೊಂಡಿದ್ದರು. ಬೈದಿದ್ದರೆ, ಎಲ್ಲರ ಮುಂದೆ ಮಾನ ಕಳೆದಿದ್ದರೆ ಎಷ್ಟೋ ಚೆನ್ನಾಗಿತ್ತು.

“ನಿಮ್ಮ ಹೆಸರ ಇರೋ ಹಾಳಿ ಬೇಕಾದ್ರ ಹರಕೊಳ್ರಿ,” ಎಂದಳು ಅವಳು. “ಅದನ್ನೂ ಅಂವನೇ ಹೇಳ್ಯಾನ.”

ಅವನು ಗಂಟು ಬಿಚ್ಚಿ ಹಾಳೆ ತೆಗೆದ. ಮೂವತ್ತೇಳನೆಯ ಸಾಲು ಶಬ್ಬೀರನದು, ಮೂವತ್ತೆಂಟನೆಯದು ಅವನದು. ಹಾಳೆ ಹರಿದರೆ ಇಬ್ಬರೂ ಹೋಗುತ್ತಾರೆ. ಒಂದೇ ಸಾಲು ಹರಿದರೆ, ಹರಿದ ದಫ್ತರವನ್ನು ಯಾವ ಕೋರ್ಟೂ ನಂಬುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಳೆ ಮುಚ್ಚಿದ.

“ಹರದ್ರ ಇದು ನಡಿಯಂಗಿಲ್ಲವಾ.”

“ಹಂಗಾದ್ರ ಹಂಗೇ ನಡೀಲಿ. ಏಳ್ರಿ. ಹೈದರಾಬಾದಿಗಿ ಸಂಜಿ ಗಾಡಿ ಅದ.”

ಏಳಬೇಕು ಎಂದು ದೌಲಪ್ಪನ ಮೈಯ ಒಂದೊಂದು ಎಲುಬೂ ಹೇಳಿತು. ಬಾಯಿ ಮಾತ್ರ ತನ್ನ ಹಳೆಯ ದಾರಿ ಹಿಡಿಯಿತು. “ಇವತ್ತ ಹೆಂಗ ಆಗ್ತದವಾ. ರಜಾ ಬರದು ಕೊಡಬೇಕು. ಮನ್ಯಾಗ ಹೇಳಿಲ್ಲ. ಸೋಮವಾರ ಹೋಗೋಣಂತ.”

ಅಂದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ಚಾಂದಬಿ ಸಿಟ್ಟಾಗಲಿಲ್ಲ. ಕೈ ಚಾಚಿದಳು. ಅವನು ರಿಜಿಸ್ಟರು ಕೊಟ್ಟ. ಅವಳು ಅದನ್ನು ಧೋತರದಲ್ಲಿ ಮತ್ತೆ ಸುತ್ತಿ, ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ ಎದ್ದಳು. ಊರಿನ ರೋಜಾ ಬಡಾವಣೆಯಲ್ಲಿ ಲಾಡ್ಜಿನ ಕೆಲಸಕ್ಕಿದ್ದ ತನ್ನ ತಮ್ಮ ಮಹಮ್ಮದನನ್ನು ಜತೆಗೆ ಕರೆದುಕೊಂಡು ಅವತ್ತೇ ಗಾಡಿ ಹತ್ತಿದಳೆಂದು ಮರುದಿನ ತಿಳಿಯಿತು.

ಆಮೇಲಿನ ಒಂದೂವರೆ ತಿಂಗಳು ದೌಲಪ್ಪ ಬದುಕಿದ್ದೇ ಕಿವಿಯಲ್ಲಿ. ಅದೇ ಬಂಗಲೆಗೆ ಬೇರೆ ಇಲಾಖೆ ಬಂದಿತ್ತು, ಅದೇ ಮೇಜಿನಲ್ಲಿ ಅವನನ್ನು ಉಳಿಸಿಕೊಂಡಿದ್ದರು. ಜೀಪಿನ ಸದ್ದಾದರೆ ತನ್ನನ್ನು ಒಯ್ಯಲು ಬಂದರು ಎಂದು ಎದ್ದು ನಿಲ್ಲುತ್ತಿದ್ದ. ಕೋರ್ಟಿನ ಕವರು ಬಂದರೆ ಒಡೆಯುವ ಮೊದಲು ನೀರು ಕುಡಿಯುತ್ತಿದ್ದ. ಲಲಿತಾಬಾಯಿ ಅವನ ಎರಡು ಅಂಗಿ, ಒಂದು ಕಂಬಳಿ ಗಂಟು ಕಟ್ಟಿ ಬಾಗಿಲ ಮೂಲೆಗೆ ಇಟ್ಟಿದ್ದಳು. ಅವರು ಬಂದರೆ ಹುಡುಕಾಡುವುದು ಬೇಡ ಎಂದು.

ಯಾರೂ ಬರಲಿಲ್ಲ. ಜನವರಿಯ ಕೊನೆಯ ವಾರ ಒಂದು ಮಧ್ಯಾಹ್ನ ಪಡಸಾಲೆಗೆ ಬಂದದ್ದು ಚಾಂದಬಿ. ಹಿಂದೆ ಒಬ್ಬ ಗಂಡಸು. ತಲೆ ಬೋಳಿಸಿದ್ದರಿಂದ ಕಿವಿ ದೊಡ್ಡವಾಗಿ ಕಾಣುತ್ತಿದ್ದವು. ಶಬ್ಬೀರನೆಂದು ತಿಳಿಯಲು ದೌಲಪ್ಪನಿಗೆ ಹೊತ್ತು ಹಿಡಿಯಿತು.

“ಬಿಟ್ರಣ್ಣಾ,” ಎಂದ ಶಬ್ಬೀರ್. “ನಿನ್ನಿ ಬಂದ್ವಿ. ಹೇಳಿ ಹೋಗೋಣಂತ.”

ದೌಲಪ್ಪ ಅವನ ಕೈ ಹಿಡಿದುಕೊಳ್ಳಬೇಕೆಂದು ಎದ್ದು, ಹಿಡಿಯಲಾರದೆ ಮೇಜನ್ನು ಹಿಡಿದುಕೊಂಡ. ಕೇಳಬೇಕಾದ್ದು ನೂರಿತ್ತು. ಬಾಯಿಗೆ ಬಂದದ್ದು ಒಂದೇ. “ನನ್ನ ಹೆಸರ?”

“ಓದಿದ್ರು. ನನ್ನದು ಓದಿದ ಮ್ಯಾಲ ನಿಮ್ದೇ ಓದಿದ್ರು. ಇಂವ ಬರಕೊಂಡು ಕುಂತಂವ ಅಂದ್ರು, ಹಾಳಿ ತಿರವಿದ್ರು.”

“ಅಷ್ಟೇ?”

“ಅಷ್ಟೇ ಅಣ್ಣಾ. ಬೀಡಿ ಹಚ್ಚೋ ಹೊತ್ತೂ ಆಗಲಿಲ್ಲ.”

ಹದಿನಾರು ತಿಂಗಳು ಅವನು ಅಂಜಿದ್ದು ಅಷ್ಟೇ ಹೊತ್ತಿನ ಒಂದು ಓದಿಗೆ. ದೌಲಪ್ಪ ಏನೋ ಹೇಳಲು ಹೋದ, ತಪ್ಪಾಯಿತು ಎಂದೇ ಇರಬೇಕು. ಅಷ್ಟರಲ್ಲಿ ಚಾಂದಬಿ ಕೂಸನ್ನು ನೆಲಕ್ಕೆ ಇಳಿಸಿದಳು. ಮಾಲನಬಿ ಈಗ ತಪ್ಪು ಹೆಜ್ಜೆ ಇಡುತ್ತಿದ್ದಳು. ಶಬ್ಬೀರ್ ಮೊಣಕಾಲೂರಿ ಎರಡೂ ಕೈ ಚಾಚಿ, “ಬಾ ಬೇಟಿ,” ಎಂದು ಕರೆದ. ಅವಳು ಆ ಬೋಳುತಲೆಯನ್ನು ನೋಡಿ ಅಳುಮುಖ ಮಾಡಿದಳು. ಆಚೀಚೆ ಕಣ್ಣಾಡಿಸಿದಳು. ಆಮೇಲೆ ನಗುತ್ತ, ಓಲಾಡುತ್ತ ಮೇಜಿನ ಕಡೆ ಬಂದು ದೌಲಪ್ಪನ ಧೋತರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ದೌಲಪ್ಪ ಕೈ ಹಿಂದಕ್ಕೆ ಎಳೆದುಕೊಂಡು ನಿಂತ. ಶಬ್ಬೀರ್ ಚಾಚಿದ ಕೈಗಳನ್ನು ಮಡಿಲಿಗೆ ಇಳಿಸಿದ.

“ಎತ್ಕೊಳ್ರಿ ಅಣ್ಣಾ,” ಎಂದ. “ನಿಮ್ಮ ಗುರ್ತು ಅದ ಆಕಿಗಿ.”